ಹೆಬ್ಬೆಟ್ಟಿನ ಮಸಿ: ಒಬ್ಬ ಸೀರಿಯಲ್ ವಿಲನ್‌ಗೆ ಹಿಂದಿನ ಕಥೆ ಸಿಕ್ಕಿದ ಪ್ರಕರಣ

ಸಂಚಿಕೆ 143 ಪ್ರಸಾರವಾದ ರಾತ್ರಿ ನಾನು ಮಂಡ್ಯದ ನಮ್ಮ ಮನೆಯಲ್ಲೇ ಇದ್ದೆ. ಅದು ನಾನು ಬರೆದ ಸಂಚಿಕೆ. ಟೀವಿ ಮುಂದೆ ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯ ಇಬ್ಬರು ಹೆಂಗಸರು ಕೂತಿದ್ದರು. ನಮ್ಮ ಸೀರಿಯಲ್‌ನ ಸೋದರತ್ತೆ, ಅಂದರೆ ವಿಲನ್, ಮನೆಯ ಹೊಸ ಸೊಸೆಯ ಮುಂದೆ ತನ್ನ ಬಾಲ್ಯದ ಕಥೆ ಹೇಳಿಕೊಂಡು ಅಳುತ್ತಿದ್ದಳು. ಫ್ಲ್ಯಾಷ್‌ಬ್ಯಾಕಿನಲ್ಲಿ ಹತ್ತು ವರ್ಷದ ಹುಡುಗಿಗೆ ಮಲತಾಯಿ ಸೌಟು ಕಾಯಿಸಿ ಬರೆ ಹಾಕುತ್ತಿದ್ದಳು. ಹೊರಗೆ ಮಳೆ, ಗುಡುಗು, ಜೊತೆಗೆ ಕೊಳಲು. ದೊಡ್ಡಮ್ಮ ಎದ್ದರು. "ಕುಕ್ಕರ್ ಎಷ್ಟು ಕೂಗ್ತು?" ಅಂತ ಕೇಳುತ್ತಾ ಅಡುಗೆಮನೆಗೆ ಹೋದರು. ಸಂಚಿಕೆ ಮುಗಿಯುವವರೆಗೂ ವಾಪಸ್ ಬರಲಿಲ್ಲ.

ನಮ್ಮ ದೊಡ್ಡಮ್ಮ ಸೀರಿಯಲ್ ಅಂದರೆ ಪ್ರಾಣ ಬಿಡುವವರು. ಜಾಹೀರಾತು ಬಂದಾಗ ಮಾತ್ರ ಏಳುತ್ತಾರೆ. ಅವರು ಕಥೆಯ ನಡುವೆ ಎದ್ದು ಹೋದರೆ ಅದು ನನಗೆ ಗುರುವಾರ ಬರುವ ಟಿಆರ್‌ಪಿಗಿಂತ ಜಾಸ್ತಿ ತಾಗುತ್ತದೆ. ಮರುದಿನ ಬೆಳಿಗ್ಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: "ಬರೆ ಹಾಕಿಸ್ಕಂಡೋರು ಊರಲ್ಲಿ ಎಷ್ಟು ಜನ ಇಲ್ಲ ಮಗ? ಎಲ್ಲಾರೂ ಮನೆ ಮುರೀತಾರಾ? ಅವಳು ಯಾವಾಗ್ಲೂ ಕಾಗದ ಪತ್ರನೇ ಯಾಕೆ ಕದೀತಾಳೆ? ಅದೇಳು ಮೊದ್ಲು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಲು ನಮಗೆ ಎರಡು ವಾರ ಬೇಕಾಯಿತು. ಆ ಎರಡು ವಾರದಲ್ಲಿ ಏನೇನಾಯಿತು ಅನ್ನೋದನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಸೀರಿಯಲ್ ಬರೆಯಲು ಹೊರಟಿರುವ ಹುಡುಗ ಹುಡುಗಿಯರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನುವ ಆಸೆ. ಸೀರಿಯಲ್ ಹೆಸರು, ವಾಹಿನಿ ಹೆಸರು ಬೇಡ.

ವಿಲನ್ ಇದ್ದದ್ದು ಹೀಗೆ

ಕಥೆ ನಡೆಯುವುದು ಮಂಡ್ಯ ತಾಲ್ಲೂಕಿನ ಒಂದು ಊರಿನಲ್ಲಿ. ನಾಲ್ಕು ಎಕರೆ ಕಬ್ಬಿನ ಗದ್ದೆ ಇರುವ ಮನೆ, ವಿಶ್ವೇಶ್ವರಯ್ಯ ನಾಲೆಯ ನೀರು. ಯಜಮಾನ ಊರಿಗೆ ಬೇಕಾದ ಮನುಷ್ಯ. ನ್ಯಾಯ ಪಂಚಾಯ್ತಿ ಅಂದರೆ ಜನ ಅವನನ್ನೇ ಕರೆಯುತ್ತಾರೆ. ಅವನ ತಂಗಿ ಗಂಡ ಸತ್ತ ಮೇಲೆ ತವರಿಗೆ ಬಂದು ಇಪ್ಪತ್ತು ವರ್ಷದಿಂದ ಅಣ್ಣನ ಮನೆಯಲ್ಲೇ ಇದ್ದಾಳೆ. ಅವಳೇ ನಮ್ಮ ವಿಲನ್. ಯಜಮಾನನ ಮಗ ಓದಿದ ಹುಡುಗಿಯನ್ನು ಮದುವೆಯಾಗಿ ತರುತ್ತಾನೆ. ಆವತ್ತಿನಿಂದ ಸೋದರತ್ತೆಗೂ ಸೊಸೆಗೂ ಜಟಾಪಟಿ.

ಕಥೆ ಶುರುವಾದಾಗ ಅವಳಿಗೆ ಹಿನ್ನೆಲೆ ಅಂತ ಏನೂ ಇರಲಿಲ್ಲ. ವಾಹಿನಿಗೆ ಕೊಟ್ಟ ಪಾತ್ರ ಪರಿಚಯದಲ್ಲಿ ಇದ್ದದ್ದು ಎರಡೇ ಸಾಲು: "ತವರಿನ ಮೇಲೆ ಹಿಡಿತ ಬೇಕು. ಸೊಸೆ ಬಂದರೆ ತನ್ನ ಜಾಗ ಹೋಗುತ್ತದೆ ಅನ್ನೋ ಭಯ." ದಿನವಹಿ ಸೀರಿಯಲ್‌ನಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷ ಕಥೆ. ವಾರಕ್ಕೆ ಐದಾರು ದಿನ. ನಾಯಕಿಗೆ ದಿನಕ್ಕೊಂದು ಕಷ್ಟ ಬೇಕು. ಆ ಕಷ್ಟ ತರುವವಳು ವಿಲನ್. ಅವಳು ಯಾಕೆ ತರುತ್ತಾಳೆ ಅಂತ ಯೋಚಿಸುವಷ್ಟರಲ್ಲಿ ನಾಳೆಯ ಸೀನ್ ಆರ್ಡರ್, ಅಂದರೆ ಯಾವ ಸೀನ್ ಆದಮೇಲೆ ಯಾವುದು ಅನ್ನೋ ಪಟ್ಟಿ, ಕಳಿಸುವ ಹೊತ್ತಾಗಿರುತ್ತದೆ.

ಅಮೆರಿಕದ 'ಬ್ರೇಕಿಂಗ್ ಬ್ಯಾಡ್' ಸೀರಿಯಲ್ 2008ರಿಂದ 2013ರವರೆಗೆ ಬಂತು. ಐದು ಸೀಸನ್ ಸೇರಿ 62 ಸಂಚಿಕೆ. ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು ಹಂತ ಹಂತವಾಗಿ ಕೆಟ್ಟವನಾಗುವ ಕಥೆ. ನಾವು 62 ಸಂಚಿಕೆಯನ್ನು ಮೂರು ತಿಂಗಳೊಳಗೆ ಮುಗಿಸಿರುತ್ತೇವೆ. ಇದನ್ನು ನೆಪ ಅಂತ ಹೇಳುತ್ತಿಲ್ಲ. ಅವರಿಗೆ ಅಷ್ಟಕ್ಕೆ ಐದಾರು ವರ್ಷ ಸಿಕ್ಕಿತು. ನಾವು ಶೂಟಿಂಗ್ ನಡೆಯುವಾಗಲೇ ಬರೆಯುತ್ತಿರುತ್ತೇವೆ. ಕೆಲಸದ ರೀತಿಯೇ ಬೇರೆ ಆದಾಗ ಹಿನ್ನೆಲೆ ಕಟ್ಟುವ ರೀತಿಯೂ ಬೇರೆ ಆಗಲೇಬೇಕು.

130ನೇ ಸಂಚಿಕೆ ಹೊತ್ತಿಗೆ ವಾಹಿನಿಯಿಂದ ಮಾತು ಬಂತು. ಸೋದರತ್ತೆಯ ಪಾತ್ರ ಜನಕ್ಕೆ ಹಿಡಿಸಿದೆ, ಅವಳಿಗೊಂದು ಫ್ಲ್ಯಾಷ್‌ಬ್ಯಾಕ್ ಟ್ರ್ಯಾಕ್ ಮಾಡಿ, ಪ್ರೋಮೋಗೆ ಒಳ್ಳೆಯ ಶಾಟ್ ಇರಲಿ. ಪಾತ್ರ ಮಾಡುತ್ತಿದ್ದ ನಟಿ ಮೈಸೂರಿನ ರಂಗಭೂಮಿಯಿಂದ ಬಂದವರು. ಸುಮ್ನೆ ನಿಂತರೂ ಕಣ್ಣು ಅವರ ಮೇಲೇ ಹೋಗುತ್ತದೆ. ಆದ್ದರಿಂದ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ನಾವು ಅದನ್ನು ಮಾಡಿದ ರೀತಿಯಲ್ಲಿ.

ಕಥೆ ಚರ್ಚೆಗೆ ನಾಲ್ಕು ಜನ ಕೂತೆವು. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಮಲತಾಯಿ, ಬರೆ, ಹಸಿವು. ಇವಳು ಇಷ್ಟು ಕೆಟ್ಟವಳಾಗಬೇಕಾದರೆ ಇವಳಿಗೆ ಅಷ್ಟೇ ಕೆಟ್ಟದ್ದು ಆಗಿರಬೇಕು ಅನ್ನೋ ಲೆಕ್ಕ. ತಕ್ಕಡಿಯ ಈ ಕಡೆ ಎಷ್ಟು ತೂಕ ಇದೆಯೋ ಆ ಕಡೆಯೂ ಅಷ್ಟು ಹಾಕಿದರೆ ಆಯಿತು ಅಂದುಕೊಂಡೆವು. ಮಗು ಬೇಕಾಗಿತ್ತು, ಕರೆಸಿದೆವು. ಮಕ್ಕಳನ್ನು ಶೂಟಿಂಗ್‌ಗೆ ಕರೆಸಿದರೆ ಆ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವ ಹಾಗಿಲ್ಲ. ವಿರಾಮ ಇಲ್ಲದೆ ಮೂರು ಗಂಟೆ ಮೀರುವ ಹಾಗಿಲ್ಲ. ದುಡ್ಡಿನಲ್ಲಿ ಕನಿಷ್ಠ ಶೇಕಡಾ 20 ಆ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಎಲ್ಲ ಸರಿಯಾದ ನಿಯಮಗಳೇ. ಎಲ್ಲ ಪಾಲಿಸಿದೆವು. ಆದರೂ ಆ ಹುಡುಗಿ "ಅಮ್ಮಾ ಬೇಡಾ" ಅಂತ ಐದನೇ ಟೇಕ್‌ನಲ್ಲಿ ಕಿರುಚಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ಅರ್ಧ ಗಂಟೆಯ ಯೋಚನೆಗೆ ಒಂದು ಮಗು ಅಷ್ಟು ಅಳಬೇಕಿತ್ತಾ?

ಶಕುನಿಯ ಪಗಡೆ

ಆ ವಾರದ ಕೊನೆಗೆ ಮಂಡ್ಯದ ಕಲಾಮಂದಿರದಲ್ಲಿ ಕುರುಕ್ಷೇತ್ರ ನಾಟಕ ಇತ್ತು. ನಮ್ಮ ಕಡೆಯವರಿಗೆ ಇದು ಗೊತ್ತೇ ಇರುತ್ತದೆ. ಊರಿನವರೇ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಬಾಡಿಗೆ ಕಿರೀಟ ಹಾಕಿಕೊಂಡು ಹಾಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ, ಪೈಪೋಟಿಯೂ ಜಾಸ್ತಿ. ಒಳ್ಳೆಯವನಾಗಲು ಕಡಿಮೆ, ಕೆಟ್ಟವನಾಗಲು ಹೆಚ್ಚು ದುಡ್ಡು ಕೊಡುವ ಜನ ನಾವು. ವಿಲನ್ ಅಂದರೆ ಏನು ಅಂತ ಈ ನೆಲಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆವತ್ತು ಶಕುನಿ ಮಾಡಿದವರು ನಮ್ಮ ಬೀದಿಯವರೇ. ಕಬ್ಬು ಬೆಳೆಯುವವರು. ನಾಟಕ ಮುಗಿದು, ಬಣ್ಣ ತೆಗೆಯುವಾಗ ಅವರ ಪಕ್ಕ ಕೂತು ಕೇಳಿದೆ: "ಶಕುನಿ ಯಾಕೆ ಹಂಗೆ ಮಾಡ್ದ ಅಂತೀರಿ?" ಅವರು ತಡಮಾಡದೆ ಹೇಳಿದರು. ಸೆರೆಮನೆ ಕಥೆ. ಗಾಂಧಾರದ ರಾಜನನ್ನೂ ಅವನ ಮಕ್ಕಳನ್ನೂ ಕೌರವರು ಸೆರೆಗೆ ಹಾಕುತ್ತಾರೆ. ದಿನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಅಗುಳು ಅನ್ನ. ಎಲ್ಲರೂ ತಮ್ಮ ಅಗುಳನ್ನು ಶಕುನಿಗೆ ಕೊಟ್ಟು ತಾವು ಸಾಯುತ್ತಾರೆ. ಒಬ್ಬನಾದರೂ ಬದುಕಿ ಸೇಡು ತೀರಿಸಲಿ ಅಂತ. ಸತ್ತ ತಂದೆಯ ಮೂಳೆಯಿಂದ ಶಕುನಿ ಪಗಡೆ ದಾಳ ಮಾಡಿಕೊಳ್ಳುತ್ತಾನೆ.

ಈ ಕಥೆ ವ್ಯಾಸರ ಭಾರತದಲ್ಲಿಲ್ಲ. ಜನ ಕಟ್ಟಿಕೊಂಡದ್ದು. ಅವರು ಹೇಗೆ ಕಟ್ಟಿದರು ಅಂತ ಆವತ್ತು ರಾತ್ರಿ ಮನೆಗೆ ನಡೆಯುತ್ತಾ ಯೋಚಿಸಿದೆ. ಶಕುನಿಯ ಕೈಯಲ್ಲಿ ದಾಳ ಇತ್ತು. ಅದು ಅವನ ಮಾತು ಕೇಳುತ್ತಿತ್ತು. ಇಷ್ಟು ಮೊದಲೇ ಎಲ್ಲರಿಗೂ ಗೊತ್ತಿದ್ದದ್ದು. ಆ ದಾಳ ಎಲ್ಲಿಂದ ಬಂತು ಅಂತ ಜನ ಹಿಂದಕ್ಕೆ ನಡೆದರು. ಹಿಂದೆ ಹಿಂದೆ ಹೋದಾಗ ಒಂದು ಅಗುಳು ಅನ್ನ ಸಿಕ್ಕಿತು. ಎಣಿಸಬಹುದಾದ ಅನ್ಯಾಯ ಅದು. "ಅವನಿಗೆ ಬಹಳ ಕಷ್ಟ ಕೊಟ್ಟರು" ಅಂದಿದ್ದರೆ ಮರೆತುಹೋಗುತ್ತಿತ್ತು. ಒಂದು ಅಗುಳು ಅಂದದ್ದಕ್ಕೆ ಇವತ್ತಿಗೂ ಕಬ್ಬಿನ ಗದ್ದೆಯ ಮನುಷ್ಯನಿಗೆ ಬಾಯಿಪಾಠ.

ಅಮೆರಿಕದವರೂ ಇದನ್ನೇ ಮಾಡಿದ್ದಾರೆ ಅಂತ ಆಮೇಲೆ ಹೊಳೆಯಿತು. 'ಬ್ರೇಕಿಂಗ್ ಬ್ಯಾಡ್'ನಲ್ಲಿ ಸಾಲ್ ಗುಡ್‌ಮನ್ ಅನ್ನೋ ವಕೀಲ ಮೊದಲ ಸಲ ಬಂದದ್ದು 2009ರಲ್ಲಿ. ಮುಸುಕು ಹಾಕಿದವರು ಅವನನ್ನು ಮರಳುಗಾಡಿಗೆ ಎಳೆದೊಯ್ದಾಗ ಪ್ರಾಣಭಯದಲ್ಲಿ ಎರಡು ಹೆಸರು ಒದರುತ್ತಾನೆ: ಇಗ್ನಾಸಿಯೋ, ಲಾಲೋ. ಅವರು ಯಾರು ಅಂತ ಆ ಸೀರಿಯಲ್‌ನಲ್ಲಿ ಎಲ್ಲೂ ಗೊತ್ತಾಗುವುದಿಲ್ಲ. ಅದೇ ವಕೀಲನ ಹಿಂದಿನ ಕಥೆ ಹೇಳುವ ಸೀರಿಯಲ್ 2015ರಲ್ಲಿ ಶುರುವಾದಾಗ ಇಗ್ನಾಸಿಯೋ ಒಂದು ಪೂರ್ತಿ ಪಾತ್ರವಾಗಿ ಬಂದ. 2018ರಲ್ಲಿ ಲಾಲೋ ಬಂದ. ಒಂದು ಸಾಲಿನಲ್ಲಿ ಆಗಲೇ ಬಿದ್ದಿದ್ದ ಬೀಜವನ್ನು ಹುಡುಕಿ ನೀರು ಹಾಕಿದರು.

ನಮಗೂ 143 ಸಂಚಿಕೆ ಬಿತ್ತನೆ ಆಗಿತ್ತು. ನಾವು ಗದ್ದೆಗೆ ಹೋಗಿ ನೋಡಿರಲಿಲ್ಲ, ಅಷ್ಟೇ.

ಹಳೇ ಸಂಚಿಕೆಗಳಲ್ಲಿ ಸಿಕ್ಕಿದ್ದು

ಮೂರು ದಿನ ಕೂತು ಸೋದರತ್ತೆ ಇರುವ ಸೀನ್‌ಗಳನ್ನಷ್ಟೇ ನೋಡಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಅವಳು ಮಾಡಿದ ಕೆಟ್ಟ ಕೆಲಸಗಳನ್ನೆಲ್ಲ ಬರೆದೆ. ಸೊಸೆಯ ಅಂಕಪಟ್ಟಿ ಬಚ್ಚಿಟ್ಟದ್ದು. ಬ್ಯಾಂಕಿನ ಕಾಗದ ಹರಿದದ್ದು. ಅಣ್ಣನ ಮಗನಿಂದ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡದ್ದು. ಪಾಯಸಕ್ಕೆ ಏನೋ ಬೆರೆಸಿದ್ದು. ಮೆಟ್ಟಿಲ ಮೇಲೆ ಎಣ್ಣೆ ಸುರಿದದ್ದು. ಪಟ್ಟಿ ನೋಡಿದರೆ ದೊಡ್ಡಮ್ಮ ಹೇಳಿದ್ದೇ ಸರಿ. ಪಾಯಸ, ಎಣ್ಣೆ ಇವೆಲ್ಲ ನಾವು ಕಥೆ ಸಿಗದೆ ಒದ್ದಾಡಿದ ವಾರಗಳವು. ಯಾವ ಸೀರಿಯಲ್‌ನ ಯಾವ ವಿಲನ್ ಬೇಕಾದರೂ ಮಾಡಬಹುದಾದದ್ದು. ಅವಳದೇ ಅನ್ನಿಸುವ ಕೆಲಸಗಳೆಲ್ಲ ಕಾಗದಕ್ಕೆ ಸಂಬಂಧಪಟ್ಟವು. ನಾವು ಬೇಕು ಅಂತ ಹಾಗೆ ಬರೆದಿರಲಿಲ್ಲ. ಕೈ ತಾನಾಗಿ ಅಲ್ಲಿಗೆ ಹೋಗಿತ್ತು.

ಇನ್ನೊಂದು ಕಣ್ಣಿಗೆ ಬಿತ್ತು. 31ನೇ ಸಂಚಿಕೆಯಲ್ಲಿ ಜಮೀನಿನ ಪಹಣಿ ಬಗ್ಗೆ ಮಾತು ನಡೆಯುತ್ತದೆ. ಸೋದರತ್ತೆ ಕಂಬಕ್ಕೆ ಒರಗಿ ನಿಂತಿದ್ದಾಳೆ. ಸಂಭಾಷಣೆ ಇಲ್ಲ. ಎಡಗೈ ಹೆಬ್ಬೆರಳನ್ನು ಸೆರಗಿನ ಅಂಚಿಗೆ ಮೆಲ್ಲಗೆ ಉಜ್ಜುತ್ತಾಳೆ. ಒಂದು ಸಲ, ಇನ್ನೊಂದು ಸಲ. 57ರಲ್ಲೂ ಅದೇ. 90ರಲ್ಲೂ ಅದೇ. ನಟಿಗೆ ಫೋನ್ ಮಾಡಿದೆ. ಅವರು ನಕ್ಕರು. ಪಾತ್ರ ಎಲೆ ಅಡಿಕೆ ಹಾಕುವ ಹೆಂಗಸು. ಸುಣ್ಣ ಹಚ್ಚಿದ ಬೆರಳು ಒರೆಸಿಕೊಳ್ಳುವುದನ್ನು ಮೊದಲ ವಾರದಲ್ಲಿ ರೂಢಿ ಮಾಡಿಕೊಂಡಿದ್ದರಂತೆ. "ಆಮೇಲೆ ಎಲೆ ಅಡಿಕೆ ಇಲ್ಲದ ಸೀನಲ್ಲೂ ಕೈ ಹೋಗೋಕೆ ಶುರುವಾಯ್ತು. ಮನಸ್ಸಿಗೆ ಕಿರಿಕಿರಿ ಆಗೋ ಸೀನಲ್ಲಿ ಜಾಸ್ತಿ. ಯಾಕೆ, ತಪ್ಪಾಯ್ತಾ?" ಅಂದರು.

ತಪ್ಪಾ! ನನಗೆ ಆ ಬೆರಳಿನಲ್ಲಿ ಸುಣ್ಣ ಕಾಣಲಿಲ್ಲ. ಮಸಿ ಕಂಡಿತು. ಸಬ್ ರಿಜಿಸ್ಟ್ರಾರ್ ಆಫೀಸಿನ ಇಂಕ್ ಪ್ಯಾಡಿನ ಮಸಿ.

ಮೂರನೆಯದು ನಾನೇ ಬರೆದು ಮರೆತಿದ್ದ ಸಾಲು. 22ನೇ ಸಂಚಿಕೆಯಲ್ಲಿ ಯಜಮಾನ ಸೊಸೆಗೆ ಹೇಳುತ್ತಾನೆ: "ನನ್ನ ತಂಗಿ ಮದುವೆಗೆ ತೆಗೆದುಕೊಟ್ಟ ರೇಷ್ಮೆ ಸೀರೆಗೆ ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ ಕಣಮ್ಮ." ಅವನು ಎಷ್ಟು ಒಳ್ಳೆಯ ಅಣ್ಣ ಅಂತ ತೋರಿಸಲು ಸುಮ್ನೆ ಹಾಕಿದ್ದ ಮಾತು. ಈಗ ಅದೇ ಮಾತು ಬೇರೆ ಥರ ಕೇಳಿಸಿತು. ಯಾಕೆ ಚೌಕಾಸಿ ಮಾಡಲಿಲ್ಲ?

1996, ಮದುವೆಗೆ ಹನ್ನೊಂದು ದಿನ ಮುಂಚೆ

ಹಿನ್ನೆಲೆ ಸಿಕ್ಕಿತು ಅಂತ ಕುಣಿಯುವ ಮುಂಚೆ ಒಬ್ಬ ವಕೀಲರ ಹತ್ತಿರ ಹೋದೆವು. ಹೋದದ್ದು ಒಳ್ಳೆಯದಾಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಬಂದದ್ದು 2005ರಲ್ಲಿ ಅಂತ ನಾವೆಲ್ಲ ತಿಳಿದಿದ್ದೆವು. ದೇಶಕ್ಕೆಲ್ಲ ಬಂದದ್ದು ಆವಾಗ, ಸೆಪ್ಟೆಂಬರ್ 9, 2005ರಿಂದ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿಯನ್ನು ಜುಲೈ 30, 1994ರಿಂದಲೇ ಜಾರಿಗೆ ತಂದಿತ್ತು. ಆವತ್ತಿಗೆ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಮದುವೆಯಾಗದವರಿಗೆ ಅಣ್ಣತಮ್ಮಂದಿರಷ್ಟೇ ಹಕ್ಕು.

ಇದು ತಿಳಿದದ್ದೇ ತಡ, ಕಥೆ ತಾನಾಗಿ ಜೋಡಿಸಿಕೊಂಡಿತು. ನಮ್ಮ ಸೋದರತ್ತೆಗೆ 1994ರಲ್ಲಿ ಇಪ್ಪತ್ತು ವರ್ಷ. ಮದುವೆ ಆಗಿರಲಿಲ್ಲ. ಅಪ್ಪ ಅಮ್ಮ ತೀರಿಹೋಗಿ ಉಳಿದದ್ದು ಅಣ್ಣ ತಂಗಿ ಇಬ್ಬರೇ. ನಾಲ್ಕು ಎಕರೆಯಲ್ಲಿ ಎರಡು ಎಕರೆ ಅವಳದು. ಅವಳಿಗೆ ಅದು ಗೊತ್ತಿಲ್ಲ. ಅಣ್ಣನಿಗೆ ಗೊತ್ತು. ಪತ್ರ ಬರಹಗಾರ ಹೇಳಿದ್ದಾನೆ: "ಮದುವೆ ಆದ್ಮೇಲೆ ಅಳಿಯಂದ್ರು ಕೇಳ್ತಾರೆ. ಈಗ್ಲೇ ಹಕ್ಕು ಬಿಡುಗಡೆ ಬರೆಸ್ಕಂಡ್ಬುಡಿ."

ಕಥೆ ಚರ್ಚೆಯಲ್ಲಿ ಒಬ್ಬ ಹುಡುಗ ಸರಿಯಾದ ಪ್ರಶ್ನೆ ಕೇಳಿದ. 2005ರ ಕಾನೂನು ಬಂದಮೇಲೆ ಅವಳು ಕೇಸ್ ಹಾಕಬಹುದಿತ್ತಲ್ಲ? ನೋಡುವ ಜನರೂ ಇದನ್ನೇ ಕೇಳುತ್ತಾರೆ. ವಕೀಲರು ಹೇಳಿದರು: ಡಿಸೆಂಬರ್ 20, 2004ಕ್ಕೆ ಮುಂಚೆ ಆಗಿಹೋದ ಪರಭಾರೆ, ಅಂದರೆ ಆಸ್ತಿಯ ಹಕ್ಕು ಇನ್ನೊಬ್ಬರಿಗೆ ದಾಟಿಸಿದ್ದನ್ನು, ವಿಭಾಗಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಅಂದರೆ ಕಾನೂನಿನ ಬಾಗಿಲು ಅವಳಿಗೆ ಎರಡು ಸಲ ಬಂದು, ಎರಡು ಸಲವೂ ಮುಚ್ಚಿಕೊಂಡಿದೆ. ಮೊದಲ ಸಲ ಗೊತ್ತಾಗುವ ಮುಂಚೆ ಸಹಿ ಹಾಕಿಸಿಕೊಂಡರು. ಎರಡನೇ ಸಲ ಆ ಸಹಿಯೇ ಅಡ್ಡ ಬಂತು. ಹಾಗಾಗಿ ಅವಳಿಗೆ ಉಳಿದದ್ದು ಕಳ್ಳದಾರಿ. ಅವಳು ಯಾಕೆ ಕಾಗದ ಕದಿಯುತ್ತಾಳೆ, ಖಾಲಿ ಹಾಳೆಗೆ ಯಾಕೆ ಸಹಿ ಹಾಕಿಸಿಕೊಳ್ಳುತ್ತಾಳೆ ಅನ್ನೋದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಾಗಲಿಲ್ಲ. ಅವಳಿಗೆ ಏನು ಮಾಡಿದರೋ ಅದನ್ನೇ ಅವಳು ಕಲಿತಿದ್ದಾಳೆ.

ದೊಡ್ಡ ಜಗಳ ನಡೆದದ್ದು ಬೇರೆ ವಿಷಯಕ್ಕೆ. ವಿಲನ್‌ಗೆ ಹಿನ್ನೆಲೆ ಕೊಟ್ಟರೆ ಅವಳನ್ನು ಕೆಡಿಸಿದವರು ಯಾರು ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಸೀರಿಯಲ್‌ಗಳಲ್ಲಿ ಇದಕ್ಕೆ ಸುಲಭದ ಉಪಾಯ ಇದೆ. ಕೆಡಿಸಿದವರು ಸತ್ತಿರುತ್ತಾರೆ, ಇಲ್ಲ ಹೊರಗಿನವರಾಗಿರುತ್ತಾರೆ. ಮಲತಾಯಿ ಸತ್ತಳು, ಸಾಲಗಾರ ಊರು ಬಿಟ್ಟ. ಮನೆಯೊಳಗಿನ ಒಳ್ಳೆಯವರಿಗೆ ಮಸಿ ಅಂಟುವುದಿಲ್ಲ. ನಮ್ಮ ಕಥೆಯಲ್ಲಿ ಕೆಡಿಸಿದವನು ದಿನಾ ಬೆಳಿಗ್ಗೆ ದೇವರಮನೆಯಲ್ಲಿ ಗಂಟೆ ಬಾರಿಸುವ ಯಜಮಾನ. ವಾಹಿನಿಯವರು ಬೇಡ ಅಂದರು. ಅವನ ಇಮೇಜ್ ಹಾಳಾಗುತ್ತದೆ, ಪತ್ರ ಬರಹಗಾರನೇ ಮೋಸ ಮಾಡಿದ ಅಂತ ಮಾಡಿ, ಅಣ್ಣನಿಗೆ ಗೊತ್ತೇ ಇರಲಿಲ್ಲ ಅಂತ ಮಾಡಿ ಅಂದರು.

ನಾನು ಒಪ್ಪಲಿಲ್ಲ. ಅಣ್ಣನಿಗೆ ಗೊತ್ತಿಲ್ಲದಿದ್ದರೆ ಅದು ಅಪಘಾತ. ಅಪಘಾತಕ್ಕೆ ಯಾರೂ ಇಪ್ಪತ್ತು ವರ್ಷ ಹಗೆ ಸಾಧಿಸುವುದಿಲ್ಲ. ಮಂಡ್ಯ, ಮೈಸೂರು ಕಡೆ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಂಡ ಅಣ್ಣಂದಿರಲ್ಲಿ ಬಹಳಷ್ಟು ಜನ ರಾಕ್ಷಸರಲ್ಲ. ತಂಗಿಯನ್ನು ಹಬ್ಬಕ್ಕೆ ಕರೆಯುತ್ತಾರೆ, ಬಾಣಂತನ ಮಾಡಿಸುತ್ತಾರೆ, ಅರಿಶಿನ ಕುಂಕುಮಕ್ಕೆ ಸೀರೆ ಇಡುತ್ತಾರೆ. ನನ್ನ ನೆಂಟರಲ್ಲೂ ಇದ್ದಾರೆ. ಅವರು ಮಾಡಿದ್ದು ತಪ್ಪು ಅಂತ ಅವರಿಗೆ ಅನ್ನಿಸಿಯೇ ಇಲ್ಲ. ಆ ಒಳ್ಳೆಯತನದೊಳಗೆ ನಡೆದ ಅನ್ಯಾಯ ಇದೆಯಲ್ಲ, ಅದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಮಲತಾಯಿ ಬರೆ ಹಾಕಿದಳು ಅಂತ ಊರಿಗೆಲ್ಲ ಹೇಳಬಹುದು. ಅಣ್ಣ ನಗುತ್ತಾ ಸಹಿ ಹಾಕಿಸಿಕೊಂಡ ಅಂತ ಹೇಳಿದರೆ ತವರೇ ಹೋಗುತ್ತದೆ.

ಇದನ್ನು ಹೇಳುವಾಗಲೇ ನಮ್ಮ ಇನ್ನೊಂದು ಸಮಸ್ಯೆಗೂ ದಾರಿ ಕಂಡಿತು. 143ರಲ್ಲಿ ಪ್ರಸಾರವಾಗಿ ಹೋಗಿದ್ದ ಮಲತಾಯಿ ಕಥೆಯನ್ನು ಏನು ಮಾಡುವುದು? ಅಳಿಸಲು ಆಗುವುದಿಲ್ಲ. ಅದನ್ನು ಸುಳ್ಳು ಮಾಡಿದೆವು. ಸೋದರತ್ತೆ ಸೊಸೆಯ ಕರುಣೆ ಗಿಟ್ಟಿಸಲು ಕಟ್ಟಿದ ಕಥೆ ಅದು. 151ರಲ್ಲಿ ಸೊಸೆ ಮಾವನ ಹತ್ತಿರ ಹೋಗಿ, "ನಿಮ್ಮ ಮಲತಾಯಿ ಅತ್ತೆಗೆ ಅಷ್ಟೊಂದು ಹಿಂಸೆ ಕೊಡ್ತಿದ್ರಂತೆ" ಅನ್ನುತ್ತಾಳೆ. ಅವನು ಊಟದ ತಟ್ಟೆಯಿಂದ ತಲೆ ಎತ್ತಿ, "ಮಲತಾಯಾ? ನಮಗೆ ಮಲತಾಯಿನೇ ಇರಲಿಲ್ವಲ್ಲಮ್ಮ" ಅನ್ನುತ್ತಾನೆ. ಆ ಸಂಚಿಕೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ದೊಡ್ಡಮ್ಮ ತೊಡೆ ತಟ್ಟಿದರು. "ನಂಗೆ ಆವತ್ತೇ ಗೊತ್ತಿತ್ತು" ಅಂದರು. ನಮ್ಮ ತಪ್ಪು ಅವರ ಜಾಣತನವಾಯಿತು. ಅದರಲ್ಲಿ ನನಗೆ ಸಂತೋಷವೇ ಆಯಿತು.

ನಿಜವಾದ ಫ್ಲ್ಯಾಷ್‌ಬ್ಯಾಕ್ 158, 159ರಲ್ಲಿ ಬಂತು. ಅದನ್ನು ಸೋದರತ್ತೆಯ ಬಾಯಲ್ಲಿ ಹೇಳಿಸಲಿಲ್ಲ. ಯಜಮಾನನೇ ಹಬ್ಬದ ದಿನ ಖುಷಿಯಿಂದ ಸೀರೆಯ ಕಥೆ ಹೇಳುತ್ತಾನೆ. ಅವನು ಬಿಟ್ಟು ಹೇಳುವ ಭಾಗವನ್ನು ನಾವು ಕ್ಯಾಮೆರಾದಲ್ಲಿ ತೋರಿಸಿದೆವು.

ತಂಗಿಗೆ ಸೀರೆ ತರಲು ಅಂತ ಇಬ್ಬರೂ ಪೇಟೆಗೆ ಹೊರಡುತ್ತಾರೆ. ಬಸ್ಸಿಳಿದ ಮೇಲೆ ಅಣ್ಣ, "ಒಂದು ಸೈನ್ ಐತೆ, ಐದು ನಿಮಿಷ, ಮುಗಿಸ್ಕಂಡು ಓಗವ" ಅನ್ನುತ್ತಾನೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಜಗುಲಿ. ತಗಡಿನ ಡಬ್ಬಿಯಲ್ಲಿ ಇಂಕ್ ಪ್ಯಾಡು. ಹೆಬ್ಬೆಟ್ಟು ಒತ್ತಿದವರು ಉಳಿದ ಮಸಿಯನ್ನು ಪಕ್ಕದ ಗೋಡೆಗೆ ಒರೆಸಿರುತ್ತಾರೆ. ಆಳೆತ್ತರಕ್ಕೆ ಗೋಡೆ ತುಂಬಾ ಬೆರಳಿನ ಗುರುತು. ಕಲಾ ನಿರ್ದೇಶಕರು ಆ ಗೋಡೆಯನ್ನು ಒಂದು ಹಳೇ ಹೆಂಚಿನ ಮನೆಯಲ್ಲಿ ಮಾಡಿಸಿದರು. ಯೂನಿಟ್‌ನವರೆಲ್ಲ ಸಾಲಾಗಿ ನಿಂತು ಒಬ್ಬೊಬ್ಬರೂ ಬೆರಳು ಒರೆಸಿದೆವು. ತಂಗಿ ಎಸ್ಸೆಸ್ಸೆಲ್ಸಿ ಓದಿದವಳು. ಕಾಗದ ಓದಲು ಶುರುಮಾಡುತ್ತಾಳೆ. ಎರಡು ಸಾಲು ಓದುವಷ್ಟರಲ್ಲಿ ಅಣ್ಣ, "ಅಂಗಡಿ ಮುಚ್ಬುಡ್ತಾರೆ ಕಣವ್ವ" ಅಂತ ನಗುತ್ತಾನೆ. ಅವಳೂ ನಗುತ್ತಾಳೆ. ಸಹಿ ಹಾಕುತ್ತಾಳೆ, ಹೆಬ್ಬೆಟ್ಟು ಒತ್ತುತ್ತಾಳೆ.

ಆಮೇಲೆ ಸೀರೆ ಅಂಗಡಿ. ಹಸಿರು ರೇಷ್ಮೆಯ ಸೆರಗು ಹಿಡಿದು ನೋಡುವಾಗ ಅವಳ ಎಡಗೈ ಹೆಬ್ಬೆರಳಿನ ಮಸಿ ಅಂಚಿಗೆ ತಾಗುತ್ತದೆ. ಅಂಗಡಿಯವನ ಮುಖ ಕಪ್ಪಾಗುತ್ತದೆ. ಅವಳು ಹೆದರಿ ಅಣ್ಣನ ಕಡೆ ನೋಡುತ್ತಾಳೆ. ಅಣ್ಣ, "ಅದನ್ನೇ ಕೊಡಿ" ಅನ್ನುತ್ತಾನೆ. ಚೌಕಾಸಿ ಮಾಡುವುದಿಲ್ಲ. ಅವಳ ಕಣ್ಣಲ್ಲಿ ನೀರು ಬರುತ್ತದೆ. ಎಂಥ ಅಣ್ಣ ಅಂತ. ಆ ಗಳಿಗೆಯಲ್ಲಿ ಅವಳು ಪ್ರಪಂಚದಲ್ಲೇ ಸುಖಿ. ಈ ಶಾಟ್‌ಗೆ ಸಂಗೀತ ಬೇಡ ಅಂತ ನಿರ್ದೇಶಕರು ಹೇಳಿದರು. ಅವರಿಗೆ ನಾನು ಇವತ್ತಿಗೂ ಋಣಿ.

ಎರಡನೇ ಭಾಗ ಬೇಗ ಮುಗಿಸಿದೆವು. 2003, ಬರಗಾಲ. ನಾಲೆಯಲ್ಲಿ ನೀರಿಲ್ಲ, ಕಬ್ಬು ಒಣಗಿದೆ. ತಂಗಿಯ ಗಂಡ ಆಸ್ಪತ್ರೆಯಲ್ಲಿ. ಅವಳು ಬಂದು ಇಪ್ಪತ್ತು ಗುಂಟೆ ಕೇಳುತ್ತಾಳೆ, ಮಾರಿಕೊಳ್ಳಲು. ಅಣ್ಣ ಬೀರುವಿನಿಂದ ಕಾಗದ ತಂದು ತೋರಿಸುತ್ತಾನೆ. ಅವಳು ಆವತ್ತು ಮೊದಲ ಸಲ ಅದನ್ನು ಪೂರ್ತಿ ಓದುತ್ತಾಳೆ. ಅಣ್ಣ ಕೈಯಲ್ಲಿದ್ದ ಐದು ಸಾವಿರವನ್ನೂ ಕೊಟ್ಟು ಬಸ್ಸಿಗೆ ಹತ್ತಿಸುತ್ತಾನೆ. ಅವನ ಹತ್ತಿರ ಇದ್ದದ್ದೇ ಅಷ್ಟು. ಅದೂ ನಿಜ.

ಆಮೇಲೆ

ಗುರುವಾರದ ನಂಬರ್ ಹಾರಲಿಲ್ಲ. ಬೀಳಲೂ ಇಲ್ಲ. ಬದಲಾದದ್ದು ಬೇರೆ. ಮೊದಲು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ನಮ್ಮ ನಟಿಯನ್ನು ಕಂಡರೆ "ಆ ಹುಡ್ಗೀಗೆ ಯಾಕಂಗೆ ಕಾಟ ಕೊಡ್ತೀಯ" ಅಂತ ಬೈಯುತ್ತಿದ್ದರು. 159 ಆದಮೇಲೆ ಒಬ್ಬ ಅಜ್ಜಿ ಅವರ ಕೈ ಹಿಡಿದು, "ಓದ್ದೆ ಸೈನ್ ಆಕ್ಬಾರ್ದಿತ್ತು ಕಣವ್ವ" ಅಂದರಂತೆ. ನಟಿ ಅದನ್ನು ಹೇಳುವಾಗ ಗಂಟಲು ಕಟ್ಟಿತ್ತು.

ಎಲ್ಲ ಚೆನ್ನಾಗಾಯಿತು ಅಂತ ಹೇಳಲಾರೆ. ಎರಡು ವಾರ ಜನ ಪೂರ್ತಿ ಸೋದರತ್ತೆಯ ಪರ ಹೋದರು. ಸೊಸೆಯ ಕಷ್ಟ ಯಾರಿಗೂ ಬೇಡವಾಯಿತು. ಆದರೆ ಸೊಸೆ ಏನು ತಪ್ಪು ಮಾಡಿದ್ದಳು? 1996ರಲ್ಲಿ ಅವಳು ಹುಟ್ಟೇ ಇರಲಿಲ್ಲ. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು. ಫ್ಲ್ಯಾಷ್‌ಬ್ಯಾಕ್ ಮುಗಿದ ಮರುದಿನವೇ ಸೋದರತ್ತೆಯಿಂದ ಒಂದು ಕ್ರೂರ ಕೆಲಸ ಮಾಡಿಸಬೇಕಿತ್ತು. ಕಾರಣ ಗೊತ್ತಾಯಿತು ಅಂದಮಾತ್ರಕ್ಕೆ ಅವಳು ನಿಲ್ಲಿಸುವುದಿಲ್ಲ ಅಂತ ಜನಕ್ಕೆ ಕಾಣಬೇಕಿತ್ತು. ನಾವು ನಾಲ್ಕು ಸಂಚಿಕೆ ತಡಮಾಡಿದೆವು. ಅಷ್ಟರಲ್ಲಿ ಅವಳು ಪಾಪದವಳಾಗಿಬಿಟ್ಟಿದ್ದಳು. ಅವಳನ್ನು ಮತ್ತೆ ಹಾದಿಗೆ ತರಲು ಅಂಕಪಟ್ಟಿ ಸುಡುವ ಸೀನ್ ಬರೆಯಬೇಕಾಯಿತು. ಪಾಯಸ, ಎಣ್ಣೆ ಇವುಗಳಿಗೆ ಹಿನ್ನೆಲೆಯಲ್ಲಿ ಜಾಗ ಸಿಗಲಿಲ್ಲ. ಅವನ್ನು ಮತ್ತೆ ಎತ್ತಲೇ ಇಲ್ಲ. ಯಾರೂ ಕೇಳಲಿಲ್ಲ, ಆದರೆ ನನಗೆ ಅದು ಚುಚ್ಚುತ್ತದೆ.

180 ದಾಟಿದ ಮೇಲೆ ವಾಹಿನಿಯಿಂದ ಇನ್ನೊಂದು ಮಾತು ಬಂತು. ಯಜಮಾನ ತಪ್ಪೊಪ್ಪಿಕೊಳ್ಳಲಿ, ಸೋದರತ್ತೆ ಒಳ್ಳೆಯವಳಾಗಲಿ, ಎಲ್ಲರೂ ತಬ್ಬಿಕೊಂಡು ಅಳುವ ಮಹಾಸಂಚಿಕೆ ಮಾಡೋಣ. ಅರ್ಧ ಒಪ್ಪಿದೆ. 187ರಲ್ಲಿ ಸೊಸೆ ಮಾವನನ್ನು ಒಪ್ಪಿಸಿ ಎರಡು ಎಕರೆ ಅತ್ತೆ ಹೆಸರಿಗೆ ಮಾಡುವ ಪತ್ರ ಬರೆಸಿ ತರುತ್ತಾಳೆ. ಪೆನ್ನು, ಪತ್ರ ಎರಡನ್ನೂ ಅವಳ ಮುಂದೆ ಇಡುತ್ತಾಳೆ. ಎಲ್ಲರ ಕಣ್ಣಲ್ಲೂ ನೀರು. ಯಜಮಾನ "ಸೈನ್ ಆಕವ್ವ" ಅನ್ನುತ್ತಾನೆ.

ಸೋದರತ್ತೆ ಪೆನ್ನು ಮುಟ್ಟುವುದಿಲ್ಲ. ಕನ್ನಡಕ ತರಲು ಹೇಳುತ್ತಾಳೆ. ಹೊಸ್ತಿಲ ಹತ್ತಿರ ಬೆಳಕಿಗೆ ಕೂತು, ಬೆರಳಿಟ್ಟು, ಜೋರಾಗಿ ಓದಲು ಶುರುಮಾಡುತ್ತಾಳೆ. ಚೆಕ್ಕುಬಂದಿ, ಸರ್ವೆ ನಂಬರ್, ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ನಾಲೆ. ನಟಿ ಎರಡೂ ಪುಟ ಓದಿದರು. ನಾಲ್ಕು ನಿಮಿಷ ಹಿಡಿಯಿತು. ಎಡಿಟಿಂಗ್‌ನಲ್ಲಿ ಯಾರೂ ಕತ್ತರಿಸಲಿಲ್ಲ. ಓದಿ ಮುಗಿಸಿ, ಪತ್ರ ಮಡಚಿ, ಎದ್ದು ಹೋಗಿ ತನ್ನ ಟ್ರಂಕಿನಲ್ಲಿ ಹಸಿರು ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದಳು. "ಬೆಳಿಗ್ಗೆ ನಮ್ಮ ವಕೀಲರಿಗೆ ತೋರಿಸ್ತೀನಿ" ಅಂದಳು.

ದೊಡ್ಡಮ್ಮ ಕುಕ್ಕರ್ ಕೂಗಿದ್ದು ಎಷ್ಟು ಅಂತ ನನ್ನನ್ನು ಕೇಳಿದರು. ನಾನೂ ಎಣಿಸಿರಲಿಲ್ಲ.